ಅಜ್ಜಿ ಹೂ ಕೇಳಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ನಮ್ಮ ಮನೆಯ ಜಂತಿಯ ಮೇಲಿಂದ ಒಂದು ಇಲಿ ದೊಪ್ಪನೆ ಕೆಳಗೆ ಬಿತ್ತು. ಇಲಿ ಬಿದ್ದದ್ದೂ ಒಂದು ಕತೆಯೇ ಎಂದು ಈಗಲೇ ಮೂಗು ಮುರಿಯಬೇಡಿ ಮಕ್ಕಳೇ. ಆ ಇಲಿ ಓಡಿ ಹೋಗಲಿಲ್ಲ. ಅಮಲೇರಿದವರ ಹಾಗೆ ಅಲ್ಲಲ್ಲೇ ಸುತ್ತಿ, ದೇವರ ಗೂಡಿನ ಮುಂದೆ ಬಂದು ಮಲಗಿ ಸತ್ತಿತು. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ಅಲ್ಲೇ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಯಾರೂ ಅದನ್ನು ತಿರುವಿ ಹಾಕಲಿಲ್ಲ. ಇಲಿ ಬಿತ್ತೆಂದರೆ ಪ್ಲೇಗು ಮನೆಯೊಳಗೆ ಬಂತು ಎನ್ನುವುದು ಆ ಕಾಲದಲ್ಲಿ ನನ್ನಂಥ ಸಣ್ಣ ಮಕ್ಕಳಿಗೂ ಗೊತ್ತಿತ್ತು.

ನಮ್ಮದು ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಒಂದು ಹಳ್ಳಿ. ಮಣ್ಣಿನ ಗೋಡೆಯ ಮನೆಗಳು, ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಪ್ಲೇಗು ಬಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ದೂರದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರಬೇಕಾಗಿತ್ತು. ಸತ್ತ ಇಲಿಯ ಮೈಮೇಲಿನ ಚಿಗಟ ಬಂದು ನಮ್ಮನ್ನು ಕಚ್ಚಿದರೆ ಜ್ವರ ಬರುತ್ತಿತ್ತು, ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಡ್ಡೆ ಏಳುತ್ತಿತ್ತು. ಗಡ್ಡೆ ಎದ್ದವರಲ್ಲಿ ಉಳಿದವರು ಕಡಿಮೆ. ಸುತ್ತಲಿನ ಊರುಗಳಲ್ಲಿ ಆಗಲೇ ಇಲಿ ಬೀಳುತ್ತಿದ್ದುದರಿಂದ ಅಪ್ಪ ನಮ್ಮ ಹೊಲದ ಬನ್ನಿ ಮರದ ಹತ್ತಿರ ಜೋಳದ ದಂಟಿನ ಗುಡಿಸಲು ಕಟ್ಟಿ ಮುಗಿಸಿದ್ದ. ಅವತ್ತು ಬೆಳಿಗ್ಗೆ ತಳವಾರ ಬೀದಿಯಲ್ಲಿ ತಮಟೆ ಬಡಿದುಕೊಂಡು ಬಂದು, "ಹೊತ್ತು ಮುಳುಗಾದ್ರೊಳಗೆ ಎಲ್ಲಾರೂ ಊರು ಬಿಡ್ರೀ" ಎಂದು ಸಾರಿ ಹೋದ.

ಹಿಂದಿನ ದಿನವೇ ನಮಗೆಲ್ಲ ಪ್ಲೇಗಿನ ಸೂಜಿ ಚುಚ್ಚಿದ್ದರು. ನನ್ನ ತೋಳು ಊದಿಕೊಂಡಿತ್ತು. ಅಕ್ಕನಿಗೆ ಮೈ ಬಿಸಿಯಾಗಿತ್ತು. ಅದು ಸೂಜಿಯ ಜ್ವರವೋ ಆ ಜ್ವರವೋ ಹೇಳುವವರು ಯಾರು? ಅವ್ವ ಪಾತ್ರೆ ಕಟ್ಟುತ್ತ, ಹಾಸಿಗೆ ಸುತ್ತುತ್ತ, ನಡುನಡುವೆ ಓಡಿ ಬಂದು ನಮ್ಮಿಬ್ಬರ ಕಂಕುಳಿಗೆ ಕೈ ಹಾಕಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಕಚಗುಳಿಯಾಗಿ ಬಿದ್ದು ಬಿದ್ದು ನಗುತ್ತಿದ್ದೆವು. ಅವತ್ತು ಅವಳ ಹಿಟ್ಟಿನ ಕೈ ಕಂಕುಳಿಗೆ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಗಾಡಿ ತುಂಬಿತು. ಎತ್ತು ಕಟ್ಟುವುದೊಂದು ಬಾಕಿ. ಆಗಲೇ ನಮಗೆ ಗೊತ್ತಾದದ್ದು, ಅಜ್ಜಿ ಒಂದು ಸೀರೆಯನ್ನೂ ಗಂಟು ಕಟ್ಟಿಲ್ಲವೆಂದು. ಅವಳು ದೇವರ ಗೂಡಿನ ಮುಂದೆ ಕುಳಿತು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ತಿಕ್ಕುತ್ತಿದ್ದಳು.

"ಅವ್ವಾ, ಏಳು. ಗಾಡಿ ತುಂಬೇತಿ" ಎಂದ ಅಪ್ಪ.

"ನೀವು ಹೋಗ್ರಿ. ನಾನು ಬರಾಕಿಲ್ಲ" ಎಂದಳು ಅಜ್ಜಿ, ತಿಕ್ಕುವುದನ್ನು ನಿಲ್ಲಿಸದೆ.

ಇಲ್ಲಿ ನಮ್ಮ ಮನೆಯ ದೇವರ ವಿಷಯ ಹೇಳಬೇಕು. ನಮ್ಮ ಮನೆದೇವರು ಚೌಡಮ್ಮ. ಕಪಾಟಿನಲ್ಲಿಟ್ಟು ಬಾಗಿಲು ಹಾಕುವಂಥ ಪಟವಲ್ಲ, ಎತ್ತಿ ಇಡುವಂಥ ಮೂರ್ತಿಯೂ ಅಲ್ಲ. ನಡುಮನೆಯ ಗೋಡೆಯೊಳಗೆ ಹೂತು ನಿಲ್ಲಿಸಿದ ಕರಿಯ ಕಲ್ಲು. ಅದಕ್ಕೆ ಬೆಳ್ಳಿಯ ಎರಡು ಕಣ್ಣು. ಆ ಕಲ್ಲನ್ನು ಕಿತ್ತರೆ ಗೋಡೆಯೇ ಕುಸಿಯುತ್ತಿತ್ತು. ಅಜ್ಜಿ ಮದುವೆಯಾಗಿ ಹೊಸಿಲಿನ ಮೇಲಿನ ಅಕ್ಕಿ ಸೇರನ್ನು ಬಲಗಾಲಿನಿಂದ ಒದ್ದು ಈ ಮನೆಗೆ ಬಂದ ಸಂಜೆಯಿಂದ ಆ ಗೂಡಿನಲ್ಲಿ ದೀಪ ಹಚ್ಚದ ದಿನವಿರಲಿಲ್ಲ. ಬೆಳಿಗ್ಗೆ ಮಿಂದು ಕಲ್ಲಿಗೆ ನೀರು ಎರೆದು, ಅರಿಸಿನ ಕುಂಕುಮ ಹಚ್ಚಿ, ಮಾಡಿದ ಅಡುಗೆಯನ್ನು ಮೊದಲು ಆ ತಾಯಿಗೆ ಎಡೆಯಿಟ್ಟ ಮೇಲೆಯೇ ನಮ್ಮ ತಟ್ಟೆಗೆ ಬಡಿಸುತ್ತಿದ್ದಳು. ಹಸಿವೆ ಎಂದು ನಾನು ಎಷ್ಟು ಅತ್ತರೂ, "ಮನೆ ಹಿರೇಳು ಉಣ್ಣಲಿ ತಡಿ" ಎನ್ನುತ್ತಿದ್ದಳು. ಚೌಡಮ್ಮ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು, ಅಷ್ಟೆ. ಅಂಥವಳನ್ನು ಇಲಿ ಬಿದ್ದ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು, ಕತ್ತಲಲ್ಲಿ, ಉಪವಾಸ ಕೆಡವಿ ಹೋಗುವುದು ಹೇಗೆ ಎನ್ನುವುದು ಅಜ್ಜಿಯ ಪ್ರಶ್ನೆ.

ಅಪ್ಪ ಬೇಡಿಕೊಂಡ, ಗದರಿದ, ಕೊನೆಗೆ ಹೊಸಿಲ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡ. ಪಕ್ಕದ ಮನೆಯ ಮುದುಕಪ್ಪ, ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ತನ್ನ ಜೋಳ ಕಾಯಲು ಉಳಿದುಕೊಂಡಿದ್ದವನು, ಬಾಗಿಲಲ್ಲಿ ಇಣುಕಿ, "ಇರವ್ವ, ನಾನೂ ಇರ್ತೀನಿ. ಒಬ್ರಿಗೊಬ್ರು ಆಯ್ತು" ಎಂದ. ಅವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಜ್ಜಿ ಇಲ್ಲದ ಗುಡಿಸಲನ್ನು ನೆನೆದು ಅಳು ಒತ್ತರಿಸಿ ಬಂತು. ಇಲ್ಲೇ ಉಳಿದರೆ ಅವಳು ಸಾಯುತ್ತಾಳೆ ಎನ್ನುವುದು ನನ್ನ ಪುಟ್ಟ ತಲೆಗೂ ಹೊಳೆದಿತ್ತು.

"ಹಂಗಾದ್ರೆ ಹೂ ಕೇಳು" ಎಂದ ಅಪ್ಪ ಕೊನೆಗೆ. "ತಾಯಿ ಹೆಂಗೆ ಹೇಳ್ತಾಳೋ ಹಂಗೆ."

ನಮ್ಮ ಕಡೆ ಈಗಲೂ ದೇವರನ್ನು ಹೂವಿನಿಂದ ಕೇಳುತ್ತಾರೆ. ಎರಡು ಹೂವನ್ನು ನೀರಿನಲ್ಲಿ ಅದ್ದಿ ದೇವರ ಎರಡು ಭುಜಕ್ಕೆ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ಅಜ್ಜಿ ಹಿತ್ತಲಿಗೆ ಹೋಗಿ ಕೆಂಪು ಕಣಗಿಲೆ ಹೂ ತಂದಳು. ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿದಳು. "ತಾಯೀ, ನಿನ್ನ ಬಿಟ್ಟು ಹೋಗ್ಲೇನು?" ಎಂದು ಕೇಳಿ ಕಣ್ಣು ಮುಚ್ಚಿದಳು.

ಹೊರಗೆ ಬೇರೆಯವರ ಗಾಡಿಗಳು ಗಡಗಡ ಸದ್ದು ಮಾಡುತ್ತ ಒಂದೊಂದಾಗಿ ಹೋಗುತ್ತಿದ್ದವು. ಹೂ ನಿಧಾನಕ್ಕೆ ಜಾರಿತು. ನನ್ನ ಬಲಗೈಯ ಕಡೆಯ ಹೂ ಪಟಕ್ಕನೆ ಕೆಳಗೆ ಬಿತ್ತು.

"ಬಲಕ್ಕೆ ಬಿತ್ತು" ಎಂದು ನಾನು ಚಪ್ಪಾಳೆ ತಟ್ಟಿದೆ. ಯಾರೂ ನಗಲಿಲ್ಲ. ಅಪ್ಪ ಮುಖ ಆ ಕಡೆ ತಿರುಗಿಸಿದ. ಅಕ್ಕ ನನ್ನ ಕೈ ಹಿಡಿದು ಮೆಲ್ಲಗೆ, "ನಿನ್ನ ಬಲ ಅಲ್ಲ ಕಣೆ. ಆ ತಾಯಿ ನಮ್ಮ ಕಡೆ ಮುಖ ಮಾಡಿ ಕುಂತಾಳೆ. ಅದು ಆಕೆ ಎಡ" ಎಂದಳು.

ಅಪ್ಪಣೆ ಇಲ್ಲ. ಅಜ್ಜಿ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿದಳು. ಅವಳ ಮಟ್ಟಿಗೆ ಮಾತು ಮುಗಿದಿತ್ತು. ಅಪ್ಪ ಎದ್ದು ಅವಳ ಹತ್ತಿರ ಹೋದ. ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿಬಿಡುತ್ತಾನೆ ಎಂದುಕೊಂಡೆ, ಮನಸ್ಸಿನಲ್ಲಿ ಎತ್ತಿಕೋ ಎತ್ತಿಕೋ ಎನ್ನುತ್ತಿದ್ದೆ. ಎತ್ತುವ ಶಕ್ತಿ ಅವನಿಗಿತ್ತು. ಆದರೆ ತಾನೇ ಹೂ ಕೇಳಿಸಿ, ಈಗ ಹೂವನ್ನು ಮೀರುವುದು ಹೇಗೆ? ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಇನ್ನೊಂದು ಇಲಿ ಬಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತ್ತು.

ನಮ್ಮ ಅಕ್ಕನ ಬಾಯಿ ಯಾವತ್ತೂ ಸುಮ್ಮನಿರುತ್ತಿರಲಿಲ್ಲ. ಎಲ್ಲಕ್ಕೂ ಯಾಕೆ, ಹೆಂಗೆ ಎಂದು ಕೇಳುತ್ತಾಳೆಂದು ಅಜ್ಜಿಯಿಂದ ದಿನಾ ಬೈಸಿಕೊಳ್ಳುತ್ತಿದ್ದಳು. ಜ್ವರದಲ್ಲಿ ಕೆಂಪಾದ ಕಣ್ಣಿನಲ್ಲಿ ಅವಳು ಗೋಡೆಗೆ ಒರಗಿ ಕುಳಿತವಳು, "ಅಜ್ಜಿ, ನೀನು ಕೇಳಿದ್ದೇ ಸರಿ ಇಲ್ಲ" ಎಂದಳು.

"ಏನಂದೆ?" ಅಜ್ಜಿ ತಿರುಗಿದ ರೀತಿಗೆ ನಾನು ಅವ್ವನ ಹಿಂದೆ ಸರಿದೆ.

"ಬಿಟ್ಟು ಹೋಗ್ಲಾ ಅಂತ ಕೇಳಿದ್ರೆ ಯಾವ ತಾಯಿ ಹೂಂ ಅಂತಾಳೆ? ನಮ್ಮ ಜೊತೆ ಬರ್ತೀಯಾ ಅಂತ ಕೇಳು. ಸಗಣಿ ಉಂಡೆಗೆ ಗರಿಕೆ ಚುಚ್ಚಿ ಬಾ ಅಂದ್ರೆ ಬೆನಕಪ್ಪ ಬರ್ತಾನೆ. ಹೊಳೆ ನೀರಿಗೆ ಬಾ ಅಂದ್ರೆ ಗಂಗವ್ವ ತಂಬಿಗೇಲಿ ಮನೀಗೆ ಬರ್ತಾಳೆ. ಹಬ್ಬ ಮುಗಿದ ಮೇಲೆ ಹೋಗಿ ಬಾ ಅಂತ ನೀನೇ ಕಳಿಸ್ತೀಯ. ಈ ತಾಯೀನ ಮಾತ್ರ ಯಾರೂ ಒಂದು ಸಲಾನೂ ಕರೆದಿಲ್ಲ."

ಅಜ್ಜಿ ಎದ್ದು ಅಕ್ಕನ ಕೆನ್ನೆಗೆ ಬಾರಿಸುತ್ತಾಳೆ ಎಂದು ನಾನು ಕಾದೆ. ಅಜ್ಜಿ ಅಕ್ಕನನ್ನು ನೋಡಿದಳು, ಕಲ್ಲನ್ನು ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಮತ್ತೆ ಎರಡು ಹೂ ಕಿತ್ತು ತಂದಳು.

ಹೂ ಅಂಟಿಸಿ, ಕಲ್ಲಿನ ಹತ್ತಿರಕ್ಕೆ ಮುಖ ಒಯ್ದು, ಬಸುರಿ ಮಗಳನ್ನು ತವರಿಗೆ ಕರೆಯುವ ಹಾಗೆ ಕೇಳಿದಳು. "ಹೊಲದಾಗ ಗುಡಿಸ್ಲು ಐತೆ ತಾಯಿ. ಗಾಳಿ ಮಳೆ ತಡಿಯಾಕಿಲ್ಲ. ಗೋಡೆ ಇಲ್ಲ. ಆದ್ರೂ ನಮ್ಮ ಜೊತೆ ಬರ್ತೀಯಾ?"

ಹೂ ಬೀಳಲಿಲ್ಲ. ಎರಡೂ ಬೀಳಲಿಲ್ಲ. ಬಿಸಿಲು ಗೋಡೆಯಿಂದ ಮಾಡಿಗೆ ಏರಿತು. ಬೀದಿಯಲ್ಲಿ ಗಾಡಿಗಳ ಸದ್ದು ನಿಂತು, ಊರು ಖಾಲಿಯಾದದ್ದು ಕಿವಿಗೇ ತಿಳಿಯಿತು. ಎಲ್ಲೋ ಒಂದು ನಾಯಿ ಊಳಿಡುತ್ತಿತ್ತು. ನಾನು ಈ ಸಲ ಬಲ ಎಡ ತಪ್ಪಬಾರದೆಂದು, ನಾನೇ ಚೌಡಮ್ಮನಾಗಿ ಈ ಕಡೆ ತಿರುಗಿ ಕುಳಿತರೆ ನನ್ನ ಬಲಗೈ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಆ ಹೂವನ್ನೇ ಕಣ್ಣು ಮಿಟುಕಿಸದೆ ನೋಡಿದೆ. ಬೀಳು, ಬೀಳು, ಬೀಳು. ಅದರ ತುದಿಯಲ್ಲಿ ಒಂದು ಹನಿ ನೀರು ತೂಗುತ್ತಿತ್ತು. ಎಡಭುಜದ ಹೂ ಒಮ್ಮೆ ಅಲುಗಿದಾಗ ನನ್ನ ಜೀವವೇ ಬಾಯಿಗೆ ಬಂತು. ಅದು ಜಾರಿ, ಹಾಗೇ ನಿಂತಿತು.

ಆಮೇಲೆ ತಾಯಿಯ ಬಲಭುಜದ ಹೂ ಅಜ್ಜಿಯ ಮಡಿಲಿಗೆ ಬಿತ್ತು.

ನೀರು ಆರಿ ಬಿತ್ತೋ, ಗಾಳಿಗೆ ಬಿತ್ತೋ, ತಾಯಿಯೇ ಕೊಟ್ಟಳೋ, ನನ್ನನ್ನು ಕೇಳಬೇಡಿ. ಇಷ್ಟು ವಯಸ್ಸಾದರೂ ನನಗೆ ಗೊತ್ತಿಲ್ಲ, ಗೊತ್ತಾಗಲೇಬೇಕೆಂದು ಅನ್ನಿಸಿಯೂ ಇಲ್ಲ. ಅಪ್ಪ ಮಾತ್ರ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಅವತ್ತೇ ಮೊದಲು ಕಂಡೆ.

ಮುಂದಿನದೆಲ್ಲ ಸರಸರ ನಡೆಯಿತು. ಅಜ್ಜಿ ತಾಮ್ರದ ಚೊಂಬಿಗೆ ನೀರು ತುಂಬಿ, ವೀಳ್ಯದೆಲೆ ಜೋಡಿಸಿ, ಮೇಲೆ ತೆಂಗಿನಕಾಯಿ ಕೂರಿಸಿ, ಅದನ್ನು ಕಲ್ಲಿನ ಪಾದಕ್ಕೆ ಮುಟ್ಟಿಸಿ, "ಬಾ ತಾಯಿ, ಇದರೊಳಗೆ ಬಾ" ಎಂದು ಕರೆದಳು. ಗೂಡಿನ ದೀಪ ಹಚ್ಚಿ, ಅದರಿಂದ ಮಣ್ಣಿನ ಕುಡಿಕೆಯಲ್ಲಿ ಇನ್ನೊಂದು ದೀಪ ಹೊತ್ತಿಸಿ ಅವ್ವನ ಕೈಗೆ ಕೊಟ್ಟಳು. ಗಾಡಿ ಹೊರಟಾಗ ಚೊಂಬು ಅಜ್ಜಿಯ ತೊಡೆಯ ಮೇಲಿತ್ತು, ದೀಪ ಅವ್ವನ ಸೆರಗಿನ ಮರೆಯಲ್ಲಿತ್ತು, ಅಕ್ಕನ ತಲೆ ನನ್ನ ಹೆಗಲ ಮೇಲಿತ್ತು. ನಾನು ಹಿಂದಕ್ಕೆ ತಿರುಗಿ ಕತ್ತಲಾದ ಬಾಗಿಲನ್ನು ನೋಡಿ, "ಅಜ್ಜಿ, ಈಗ ಒಳಗೆ ಯಾರೂ ಇಲ್ವಾ?" ಎಂದೆ.

"ಈಗ ಅದು ಕಲ್ಲು, ಕೂಸೆ. ತಾಯಿ ಇಲ್ಲಿ ಅದಾಳೆ" ಎಂದು ಚೊಂಬು ಮುಟ್ಟಿ ತೋರಿಸಿದಳು.

ಅಕ್ಕನದು ಸೂಜಿಯ ಜ್ವರವೇ ಆಗಿತ್ತು, ಬೆಳಗಾಗುವಷ್ಟರಲ್ಲಿ ಬಿಟ್ಟಿತು. ಆ ಚಳಿಗಾಲವೆಲ್ಲ ಚೌಡಮ್ಮ ಬನ್ನಿ ಮರದ ಬುಡದಲ್ಲಿ, ಅಜ್ಜಿ ಕಟ್ಟಿದ ಮಣ್ಣಿನ ಕಟ್ಟೆಯ ಮೇಲೆ ನಮ್ಮ ಜೊತೆ ಇದ್ದಳು, ನಮ್ಮ ಜೊತೆ ಸಪ್ಪೆ ಅಂಬಲಿಯನ್ನೇ ಉಂಡಳು. ಪಕ್ಕದ ಮನೆಯ ಮುದುಕಪ್ಪನ ಬಾಗಿಲು ಒಂದು ದಿನ ತೆರೆಯಲಿಲ್ಲ. ಸುದ್ದಿ ಬಂದಾಗ ಅಜ್ಜಿ ಅಕ್ಕನನ್ನು ಹತ್ತಿರ ಎಳೆದುಕೊಂಡು ಅವಳ ತಲೆ ಬಾಚತೊಡಗಿದಳು. ಯುಗಾದಿಯ ಹೊತ್ತಿಗೆ ಊರು ಸೇರಿದೆವು. ಸುಣ್ಣ ಬಳಿದ ಮನೆಯಲ್ಲಿ ಚೊಂಬಿನ ನೀರನ್ನು ಕಲ್ಲಿಗೆ ಎರೆದು, ದೀಪ ಹಚ್ಚಿ, "ಬಾ, ಮನೀಗೆ ಬಂದ್ವಿ" ಎಂದಳು ಅಜ್ಜಿ. ಅಂದಿನಿಂದ ಅಕ್ಕ ಯಾಕೆ ಎಂದು ಕೇಳಿದಾಗ ಅಜ್ಜಿ ಬೈದದ್ದನ್ನು ನಾನು ಕೇಳಿಲ್ಲ.

ಮಕ್ಕಳೇ, ನೀವೂ ಒಂದು ಕಾಯಿಲೆಯ ಕಾಲ ಕಂಡಿರಿ. ನಾವು ಬಾಗಿಲಿಗೆ ಬೀಗ ಹಾಕಿ ಹೊರಗೆ ಹೋದೆವು, ನೀವು ಚಿಲಕ ಹಾಕಿಕೊಂಡು ಒಳಗೆ ಕುಳಿತಿರಿ. ನಮಗೆ ಸುದ್ದಿ ತಂದದ್ದು ತಮಟೆ, ನಿಮಗೆ ಫೋನು. ನಿಮ್ಮ ಹಣೆಗೆ ಬಂದೂಕಿನಂಥದ್ದು ಹಿಡಿದು ಜ್ವರ ನೋಡುತ್ತಿದ್ದರು, ಮೈ ಮುಟ್ಟುವ ಹಾಗಿರಲಿಲ್ಲ. ದೇವಸ್ಥಾನಗಳಿಗೂ ಬೀಗ ಬಿದ್ದಿತ್ತು. ಆಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಬಂದು, "ಅಜ್ಜಿ, ಒಳಗೆ ದೇವರು ಒಬ್ಬನೇ ಇದ್ದಾನಲ್ಲ, ಊಟ ಯಾರು ಕೊಡ್ತಾರೆ?" ಎಂದು ಕೇಳಿದಳು. ನಾನು ಅಟ್ಟದಿಂದ ಆ ತಾಮ್ರದ ಚೊಂಬು ತೆಗೆಸಿದೆ. ಅವಳು ಅದಕ್ಕೆ ನಲ್ಲಿ ನೀರು ತುಂಬಿ, ಟಿವಿಯ ಪಕ್ಕದಲ್ಲಿಟ್ಟು, "ನಮ್ಮ ಮನೇಲಿ ಇರು ಬಾ" ಎಂದು ಕರೆದು, ಎರಡು ಬಿಸ್ಕತ್ತು ಮುಂದಿಟ್ಟಳು. ಕಣ್ಣು ಮುಚ್ಚಿ ಕೈ ಎತ್ತಿ ಮುಗಿದಳು.

ಅವಳು ಹಾಗೆ ಕೈ ಎತ್ತಿದಾಗ ನನ್ನ ಕೈ ತಾನಾಗಿಯೇ ಅವಳ ಕಂಕುಳಿಗೆ ಹೋಯಿತು. ಮೆಲ್ಲಗೆ ಮುಟ್ಟಿ ನೋಡಿದೆ.

"ಅಯ್ಯೋ ಅಜ್ಜಿ, ಕಚಗುಳಿ" ಎಂದು ಅವಳು ಬಿದ್ದು ಬಿದ್ದು ನಕ್ಕಳು.