ಎರಡು ಬೆರಳು ಜಾಗ

ದಾದಾಪೀರ್ ಬೆಳಿಗ್ಗೆ ಕಚೇರಿಗೆ ಬಂದವರೇ ಸರ್ವರ್ ಕೋಣೆಯ ಬಾಗಿಲು ತೆರೆದು, ಅದು ಮುಚ್ಚದಂತೆ ಒಂದು ಇಟ್ಟಿಗೆ ಒತ್ತಿಡುತ್ತಿದ್ದರು. ಕಿಟಕಿಯಿಲ್ಲದ ಕೋಣೆ ಅದು. ಒಂದು ಕಪಾಟು, ಒಂದು ಕುರ್ಚಿಗೇ ತುಂಬಿತ್ತು. ಎಸಿಯ ತಂಪು ಹೊರಗೆ ಹೋಗುತ್ತದೆಂದು ಮ್ಯಾನೇಜರ್ ಬಂದು ಬಾಗಿಲು ಮುಚ್ಚುವರು. ಅವರು ಅತ್ತ ತಿರುಗಿದ ಮೇಲೆ ಇಟ್ಟಿಗೆ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. "ಬಾಗಿಲು ಮುಚ್ಚಿದ್ರೆ ನನಗೂ ಮಷೀನಿಗೂ ಏನ್ರಿ ಫರಕು?" ಎನ್ನುತ್ತಿದ್ದರು.

ದಾವಣಗೆರೆಯ ಆ ದಿನಪತ್ರಿಕೆಯಲ್ಲಿ ನಾನು ಪುಟಗಳನ್ನು ನೋಡಿಕೊಳ್ಳುತ್ತಿದ್ದೆ, ಅವರು ಕಂಪ್ಯೂಟರುಗಳನ್ನು. ದಿನವೂ ಹರಿಹರದಿಂದ ಬಸ್ಸಿನಲ್ಲಿ ಬರುವರು. ಪುಟ ಕಟ್ಟುವ ನಮ್ಮ ತಂತ್ರಾಂಶ ಬಹಳ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಅವರು ಸರ್ವರಿನೊಳಗೇ ವರ್ಚುಯಲ್ ಮಷೀನ್ ಎಂಬ ಇನ್ನೊಂದು ತೋರಿಕೆಯ ಕಂಪ್ಯೂಟರನ್ನು ಹುಟ್ಟಿಸಿ, ಅದರಲ್ಲಿ ಆ ಹಳೆಯದನ್ನು ಜೀವಂತ ಇಟ್ಟಿದ್ದರು. ಅದರ ಗುಟ್ಟು ಬಲ್ಲವರು ಅವರೊಬ್ಬರೇ. ರಜೆಯ ದಿನವೂ ಅವರಿಗೆ ಫೋನು ಹೋಗುತ್ತಿತ್ತು.

ಅವರ ತಂದೆ ಹರಿಹರದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದವರು. ಸಾಗಿಸುವಾಗ ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. "ಅಬ್ಬಾ ಹೇಳೋರು, ಸುತ್ತ ಎರಡು ಬೆರಳು ಜಾಗ ಬಿಡು ಅಂತ. ಬಿಸಿಲಿಗೆ ತಗಡು ಹಿಗ್ಗಿತು ಅಂದ್ರೆ ಒಳಗಿಂದು ಹೊರಗೆ ಬರಂಗಿಲ್ಲ." ಸರ್ವರಿನ ಡಿಸ್ಕಿನಲ್ಲೂ ಅಷ್ಟು ಜಾಗ ಖಾಲಿ ಬಿಡದೆ ಅವರು ಯಾವ ಕೆಲಸಕ್ಕೂ ಕೈಹಚ್ಚುತ್ತಿರಲಿಲ್ಲ.

ಹರಿಹರದ ಒಂದು ಕಾಲೇಜು ಅವರನ್ನು ಪಾಠ ಹೇಳಲು ಕರೆಯಿತು. ಮನೆಯಿಂದ ನಡೆದು ಹೋಗುವಷ್ಟೇ ದೂರ. ಮೂರು ವಾರ ಕಳೆದು ಬರುವ ಶನಿವಾರದೊಳಗೆ ಉತ್ತರ ಬೇಕೆಂದರು. ಸಂಪಾದಕರು ಷರತ್ತು ಹಾಕಿದರು: "ನೀವಿಲ್ದೇನೂ ಪೇಜ್ ನಡೀತಾವೆ ಅಂತ ಹೊಸ ವ್ಯವಸ್ಥೆ ಮಾಡಿ ತೋರಿಸ್ರಿ, ಆಮೇಲೆ ಹೋಗ್ರಿ." ಬೇರೆ ಸರ್ವರ್ ಮಾತ್ರ ಕೊಡಿಸಲಿಲ್ಲ. ಇದ್ದುದರಲ್ಲೇ ದಾದಾಪೀರ್, ಯಾರು ಬೇಕಾದರೂ ನಡೆಸಬಹುದಾದ ಹೊಸದೊಂದು ವರ್ಚುಯಲ್ ಮಷೀನ್ ಮಾಡಿದರು. ಅದರೊಳಗೆ, ಇಂಥ ಮಷೀನುಗಳನ್ನು ನಡೆಸುವ ಹೈಪರ್‌ವೈಸರ್ ಹಾಕಿದರು. ಅದರೊಳಗೆ ನಮ್ಮ ಪುಟದ ಮಷೀನಿನ ನಕಲು ಇಳಿಸತೊಡಗಿದರು. ಮೂರು ವಾರದ ಊಟದ ಹೊತ್ತೆಲ್ಲ ಅದಕ್ಕೇ ಹೋಯಿತು. "ಮತ್ತೆ ಟ್ರಂಕಿನೊಳಗೆ ಟ್ರಂಕು ನೋಡ್ರಿ" ಎಂದು ನಗುತ್ತಿದ್ದರು.

ಗಡುವಿನ ಹಿಂದಿನ ದಿನ, ಶುಕ್ರವಾರ, ಅವಸರದಲ್ಲಿ, ಎರಡು ಬೆರಳು ಬಿಡಲಿಲ್ಲ. ಒಳಗಿನ ಡಿಸ್ಕನ್ನು ಬೇಕಾದಷ್ಟು ಬೆಳೆಯಲು ಬಿಟ್ಟಿದ್ದರು. ಅದು ಬೆಳೆಯಿತು. ಸಂಜೆ ಐದೂವರೆಗೆ ಸರ್ವರಿನ ಡಿಸ್ಕು ತುಂಬಿ, ನಾವು ಪುಟ ಕಟ್ಟುತ್ತಿದ್ದ ಮಷೀನು ನಿಂತಿತು. ಆರೂಕಾಲಿಗೆ ಪುಟಗಳು ಮುದ್ರಣಕ್ಕೆ ಹೋಗಬೇಕಿತ್ತು.

ನಾನು ಹೋದಾಗ ಅವರು ನಕಲಿನೊಳಗಿನ ಫೈಲುಗಳನ್ನು ಅಳಿಸುತ್ತಿದ್ದರು.

"ಜಾಗ ಆತೇನ್ರಿ ದಾದಾಪೀರಣ್ಣ?"

"ಒಳಗೆ ಆತು. ಹೊರಗೆ ಒಂದು ಚೂರೂ ಬರ್ಲಿಲ್ಲ. ಹಿಗ್ಗಿದ್ದು ಹಿಗ್ಗಿದಂಗೇ ಐತೆ."

"ಹೊಸದನ್ನ ಬೇರೆ ಡಿಸ್ಕಿಗೆ ಎತ್ತಿಡ್ರಿ ಮತ್ತೆ."

"ಎರಡು ತಾಸು ಬೇಕು. ಕೊಡ್ತೀರೇನ್ರಿ, ಡೆಸ್ಕಿನೋರೆ?"

ನಾನು ಗಡಿಯಾರ ನೋಡಿದೆ. "ನಲವತ್ತು ನಿಮಿಷ ಐತೆ" ಎಂದೆ.

ಅವರು ಮೂರು ವಾರದ ಆ ಹೊಸ ಮಷೀನನ್ನು ಆರಿಸಿದರು. ಖಂಡಿತ ಅಳಿಸಬೇಕೇ ಎಂದು ಪರದೆ ಕೇಳಿತು. "ಹೂಂನಪ್ಪ" ಎಂದು ಅದಕ್ಕೇ ಉತ್ತರ ಹೇಳಿ ಒತ್ತಿದರು. ಆರು ಹತ್ತಕ್ಕೆ ಪುಟಗಳು ಹೋದವು. ಮರುದಿನ ಅವರು ಕಾಲೇಜಿಗೆ ಫೋನು ಮಾಡಿ, ಬರಲಾಗುವುದಿಲ್ಲ ಎಂದರು.

ಕೆಲವು ತಿಂಗಳ ಮೇಲೆ, ನಾನು ಆ ಪತ್ರಿಕೆಯ ಕೆಲಸ ಬಿಟ್ಟ ದಿನ ಹೇಳಿ ಹೋಗಲು ಅವರ ಕೋಣೆಗೆ ಹೋದೆ. ಬಾಗಿಲು ಮುಚ್ಚಿತ್ತು; ತಳ್ಳಿದೆ. ಇಟ್ಟಿಗೆ ಕಪಾಟಿನ ಕೆಳಗೆ ಸೇರಿತ್ತು. ಕಚೇರಿ ಅಷ್ಟರಲ್ಲಿ ದೊಡ್ಡ ಡಿಸ್ಕು ತರಿಸಿತ್ತು. "ಈಗ ಜಾಗ ಬೇಕಾದಷ್ಟೈತ್ರಿ" ಎಂದು ಅದನ್ನು ತೋರಿಸಿದರು. ಕಾಲೇಜಿನವರು ಬೇರೊಬ್ಬರನ್ನು ತೆಗೆದುಕೊಂಡಿದ್ದರು. ನಾನು ಕೈಮುಗಿದು ಹೊರಟೆ.

"ಬಾಗಿಲು ಎಳಕೊಂಡು ಹೋಗ್ರಿ" ಎಂದರು ಹಿಂದಿನಿಂದ. "ತಂಪು ಹೋಗ್ತೈತೆ."

ಎಳೆದುಕೊಂಡು ಬಂದೆ.