ಸೀರೆಯ ಜೋಲಿಯಲ್ಲೊಂದು ಜೇಡ

ಇವತ್ತು ಸ್ನಾನಕ್ಕೆ ಹೊರಟವನು ಟವೆಲನ್ನು ಪಟಪಟನೆ ಕೊಡವಿದೆ. ಈ ಅಭ್ಯಾಸ ಎಲ್ಲಿಂದ ಬಂತು ಅಂತೀರಾ? ಜಿರಲೆ ಕಂಡರೆ ಕುರ್ಚಿ ಹತ್ತುವ ಧೀರನಾದ ನಾನೂ ಒಮ್ಮೆ ಜೇಡ ಹಿಡಿದಿದ್ದೇನೆ. ಹೇಳದೆ ಇರಲಾರೆ, ಕೇಳಿ.

ಆಗ ನಾನಿದ್ದದ್ದು ಚೆನ್ನೈನ ಪೆರುಂಗುಡಿಯಲ್ಲಿ, ಅಕ್ಕನ ಮನೆಯಲ್ಲಿ. ಅವಳ ಮಗಳು ಧೃತಿ ಏಳು ತಿಂಗಳ ಕೂಸು. ಮಗುವಿನ ಅನ್ನಪ್ರಾಶನಕ್ಕೆ ಪಾತ್ರೆ ತರಲು ಅಕ್ಕ ಪುರಸೈವಾಕ್ಕಂ ಪೇಟೆಗೆ ಹೋಗಿದ್ದಳು. ಅಮ್ಮ ಅಟ್ಟದಿಂದ ಹಳೆಯ ಸೀರೆ ತೆಗೆದು, ಕೊಡವದೆಯೇ ಜೋಲಿ ಕಟ್ಟಿ ಮೊಮ್ಮಗಳನ್ನು ಮಲಗಿಸಿದ್ದಳು. ಹಳೇ ಸೀರೆಯಷ್ಟು ಮೆತ್ತಗಿನ ಹಾಸಿಗೆ ಭೂಮಿಯ ಮೇಲಿಲ್ಲ ಎಂಬುದು ಅಮ್ಮನ ನಂಬಿಕೆ.

ಇದ್ದಕ್ಕಿದ್ದಂತೆ ಮಗು ಚೀರಿತು. ಎತ್ತಿಕೊಂಡರೂ ನಿಲ್ಲದು, ಹಾಲು ಬೇಡ, ಗಿಲಕಿ ಬೇಡ.

“ಹೊಟ್ಟೆನೋವಿರ್ಬೇಕು ಕಣೋ,” ಎಂದಳು ಅಮ್ಮ.

ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ ನೋಡಿದೆ. ಮೀನಖಂಡದ ಮೇಲೆ ಕೆಂಪು ಚುಕ್ಕೆ, ಸುತ್ತ ಸಣ್ಣ ಊತ. ಜೋಲಿಯ ಮಡಿಕೆಯಲ್ಲಿ, ಬೆನ್ನಿಗೆ ಕೆಂಪು ಪಟ್ಟೆಯ, ಮಿರಮಿರ ಮಿಂಚುವ ಕಪ್ಪು ಜೇಡ!

ಅಮ್ಮ ಸುಣ್ಣದ ಡಬ್ಬಿಗೆ ಓಡಿದಳು. ನಾನು ಮಕ್ಕಳ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

“ಸುಣ್ಣಾಂಬು, ಮಂಜಳ್ ಎದುವುಂ ವೇಂಡಾಂ!” ಎಂದು ಅವರು ಗುಡುಗಿದರು. ಸುಣ್ಣ, ಅರಿಸಿನ ಏನೂ ಹಚ್ಚದೆ ಸೋಪು ನೀರಿನಲ್ಲಿ ತೊಳೆಯಬೇಕು, ಬಟ್ಟೆ ಸುತ್ತಿದ ಐಸ್ ಇಡಬೇಕು, ಕಾಲಿಗೆ ಬಿಗಿದು ಕಟ್ಟಕೂಡದು, ತಡಮಾಡದೆ ಆಸ್ಪತ್ರೆಗೆ ಬರಬೇಕು. ಸುಲಭವಾಗಿ ಸಿಕ್ಕರೆ ಜೇಡವನ್ನೂ ತರಬೇಕು.

ಅಮ್ಮ ಮಗುವಿನ ಕಾಲು ತೊಳೆಯುತ್ತಿದ್ದಾಗ ನಾನು ಉಪ್ಪಿನಕಾಯಿ ಬಾಟಲಿಯನ್ನು ಜೇಡದ ಮೇಲೆ ಕವುಚಿದೆ. ಅಡಿಗೆ ರಟ್ಟು ತೂರಿಸಿ, ಅರ್ಧ ಕಣ್ಣು ಮುಚ್ಚಿಕೊಂಡೇ ಮುಚ್ಚಳ ಬಿಗಿದೆ!

ಆಟೋದಲ್ಲಿ ಮಗುವಿನ ಹಣೆ ಬೆವರಿತು, ಹೊಟ್ಟೆ ಹಲಗೆಯಂತೆ ಬಿಗಿಯಿತು. “ಅಣ್ಣಾ, ಸೀಕ್ರಂ, ಬೇಗ!” ಎಂದು ನಾನು ಡ್ರೈವರಿಗೆ ಕೂಗುತ್ತಲೇ ಇದ್ದೆ. ಅಮ್ಮ ಮಗುವಿನ ಉಸಿರನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ, ಉಸಿರಾಟ ಪರೀಕ್ಷಿಸಿ, ಬಾಟಲಿಯನ್ನು ಬೆಳಕಿಗೆ ಹಿಡಿದರು. “ವಿಷ ಇರೋ ಜೇಡಾನೇ. ಬೇಗ ಬಂದ್ರಿ, ಬಯಪ್ಪಡಾದೀಂಗ, ಹೆದರ್ಬೇಡಿ,” ಎಂದು, ಅಮ್ಮನಿಗಾಗಿ ಕನ್ನಡವನ್ನೂ ಬೆರೆಸಿ ಹೇಳಿದರು. ನೋವಿಗೆ ಔಷಧಿ, ಡ್ರಿಪ್, ಕಣ್ಣಿಟ್ಟು ಕಾಯುವುದು. ಅಷ್ಟರಲ್ಲಿ ಅಕ್ಕ ಓಡಿಬಂದಳು. ಮಗಳ ಪುಟ್ಟ ಕೈ ಹಿಡಿದವಳು ಬಿಡಲೇ ಇಲ್ಲ.

ಮರುದಿನ ಧೃತಿ ಡಾಕ್ಟರಮ್ಮನ ಸ್ಟೆತೊಸ್ಕೋಪ್ ಹಿಡಿದೆಳೆದು ಕಿಲಕಿಲ ನಕ್ಕಳು. ವಾರ್ಡಿನಲ್ಲಿ ಬಿಕ್ಕಿಬಿಕ್ಕಿ ಅತ್ತವನು ನಾನೊಬ್ಬನೇ.

ಈಗ ಅವಳು ಎರಡನೇ ಕ್ಲಾಸು. ರಜೆಗೆ ನಮ್ಮ ಮನೆಗೆ ಬಂದಿದ್ದಾಳೆ. ಕಥೆಯೆಲ್ಲ ಕೇಳಿ, “ಅಪ್ಪುರಂ, ಮಾಮಾ?” ಎಂದಳು.

“ಆಮೇಲೆ ನೀನು ನಕ್ಕೆ.”

“ಅಪ್ಪುರಂ?”

“ಆಮೇಲೇನು, ಇಲ್ಲೇ ಕೂತು ನನ್ನ ತಲೆ ತಿಂತಾ ಇದ್ದೀಯಲ್ಲ!”