ಅತ್ತಿಗೆಗೆ ಹೊಟ್ಟೆನೋವು ಬಂದ ದಿನ

ನಮ್ಮ ಮನೆತನದಲ್ಲಿ ಯಾರಿಗೆ ಏನೇ ಆಗಲಿ, ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ನಾನು ಶಾಲೆಯಲ್ಲಿ ಟೀಚರು, ಡಾಕ್ಟರ ಎದುರು ಬಾಯಿಬಿಡಬಲ್ಲವಳು ಎಂಬ ನಂಬಿಕೆ. ಚಿಕ್ಕಪ್ಪನ ಎದೆನೋವು, ಸೋದರತ್ತೆಯ ಮುರಿದ ಸೊಂಟ, ಪಕ್ಕದ ಮನೆಯವರು ಗದ್ದೆಗೆ ಹುಳದ ಎಣ್ಣೆ ಹೊಡೆಯಲು ಹೋಗಿ ತಲೆ ತಿರುಗಿ ಬಿದ್ದದ್ದು, ಎಲ್ಲದಕ್ಕೂ ನಾನೇ. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆಯ ಬೆಂಚುಗಳ ಮೇಲೆ ಕೂತು ಕೂತು ಬೆನ್ನು ಸವೆದಿದೆ. ಈಗಲೂ ಯಾರಾದರೂ ಬಾಗಿಲಿಗೆ ಬಂದು "ಅಕ್ಕೋರ, ಒಂದೀಟು ಬರ್ತೀರೇನ್ರಿ" ಎಂದರೆ ಎದ್ದು ಹೋಗುತ್ತೇನೆ. ಮನಸ್ಸಿನಲ್ಲಿ ಬೈದುಕೊಳ್ಳುತ್ತಲೇ ಹೋಗುತ್ತೇನೆ.

ಹೋಗುವ ದಾರಿಯಲ್ಲಿ ಎಲ್ಲರಿಗೂ ಅದನ್ನೇ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಅಲ್ಲಿ ಮೊದಲು ಬಂದವರನ್ನು ಮೊದಲು ನೋಡುವುದಿಲ್ಲ. ಯಾರ ಜೀವ ಹೆಚ್ಚು ಅಪಾಯದಲ್ಲಿದೆ ಎಂದು ಡಾಕ್ಟರಿಗೆ ಕಾಣುತ್ತದೋ ಅವರನ್ನು ಮೊದಲು ಒಳಗೆ ಒಯ್ಯುತ್ತಾರೆ. ಕೂಗಾಡಿ ಪ್ರಯೋಜನವಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ: ಚೀಟಿ ಬರೆಯುವವರು ಒಮ್ಮೆ, ಸಿಸ್ಟರ್ ಒಮ್ಮೆ, ಡಾಕ್ಟರು ಮತ್ತೊಮ್ಮೆ. ಸಿಟ್ಟಾಗಬಾರದು. ಅವರು ನೋಡುವವರೆಗೂ ಚಹಾ, ನೀರು ಕೊಡಬಾರದು. ಇಷ್ಟು ಹೇಳಿದರೂ ಟ್ರ್ಯಾಕ್ಟರಿನ ತುಂಬ ಜನ ಬರುತ್ತಾರೆ, ಬುತ್ತಿ ಬಿಚ್ಚುತ್ತಾರೆ, "ಸಲೈನ್ ಯಾಕ ಹಚ್ಚವಲ್ರು" ಎಂದು ಸಿಸ್ಟರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಬಾಟಲಿ ನೇತುಹಾಕದೆ ನಮ್ಮವರಿಗೆ ಸಮಾಧಾನವಿಲ್ಲ.

ಅತ್ತಿಗೆಗೆ ಹೊಟ್ಟೆನೋವು ಬಂದಾಗ ಕಾಲುವೆ ನೀರು ನಮ್ಮ ಊರಿಗೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ಗೋಗಿಯಿಂದ ಆಚೆ ಒಂದು ಸಣ್ಣ ಊರು. ಜೋಳ ಹೋಗಿ ಭತ್ತ ಬಂದಿತ್ತು. ಹಿತ್ತಲಲ್ಲಿ ಜೋಳದ ಒಣದಂಟಿನ ಕಣಿಕೆ ಇದ್ದ ಜಾಗದಲ್ಲಿ ಭತ್ತದ ಹುಲ್ಲಿನ ಬಣವೆ, ಬಣವೆಯ ತುಂಬ ಇಲಿ. ಅತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ, ನಸುಕಿನಲ್ಲಿ ಎದ್ದು ಎತ್ತುಗಳಿಗೆ ಹುಲ್ಲು ಹಿರಿದು ಹಾಕುತ್ತಿದ್ದಳು. ಅವತ್ತೂ ಹಾಕಿ ಬಂದಳು. ಬಂದವಳು ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತಳು, ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದಳು.

ಅಣ್ಣ ಪಂಪಿನ ಮೋಟಾರು ರಿಪೇರಿಗೆ ಸುರಪುರಕ್ಕೆ ಹೋಗಿದ್ದ. ಅವ್ವ ಮಕ್ಕಳನ್ನು ನೋಡಿಕೊಳ್ಳಲು ಉಳಿದಳು. ನಾನು, ಅಪ್ಪ, ಅತ್ತಿಗೆ ಟಂಟಂ ಆಟೋ ಹಿಡಿದು ಶಹಾಪುರದ ದವಾಖಾನೆಗೆ ಹೊರಟೆವು.

ಇಲ್ಲಿ ನಮ್ಮ ಮನೆಯ ಪದ್ಧತಿ ಒಂದನ್ನು ಹೇಳಬೇಕು. ನಮ್ಮಲ್ಲಿ ಸೊಸೆ ಮಾವನ ಎದುರು ಬಾಯಿ ತೆರೆಯುವುದಿಲ್ಲ. ಅಪ್ಪ ಹೊರಗಿನಿಂದ ಬರುವಾಗ ಕೆಮ್ಮಿ ಬರುತ್ತಿದ್ದ, ಅತ್ತಿಗೆ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ತಲೆ ತಗ್ಗಿಸುತ್ತಿದ್ದಳು. ಹೇಳುವುದೇನಾದರೂ ಇದ್ದರೆ ನಡುವೆ ಒಬ್ಬರು ಬೇಕು. "ಚಹಾ ಆಗ್ಯಾದಂತ ಹೇಳು" ಎಂದು ಅವಳು ನನಗೆ ಹೇಳುವಳು. ಅಪ್ಪ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿರುತ್ತಿದ್ದ. ಆದರೂ ನಾನು "ಚಹಾ ಆಗ್ಯಾದಂತಪ್ಪ" ಎಂದು ಒದರಲೇಬೇಕಿತ್ತು. ಚಿಕ್ಕವಳಿದ್ದಾಗ ನಗು ಬರುತ್ತಿತ್ತು, ಆಮೇಲೆ ರೇಗುತ್ತಿತ್ತು. ಅಪ್ಪ ಕೆಟ್ಟವನಲ್ಲ. ಅವಳಿಗೆ ಒಂದು ದಿನವೂ ಗದರಿದವನಲ್ಲ. ಅವಳಿಗೆ ಮರ್ಯಾದೆ ಕೊಡುವ ದಾರಿ ಇದೇ ಎಂದು ನಂಬಿದ್ದ.

ದವಾಖಾನೆಯಲ್ಲಿ ಅವತ್ತು ಜಾತ್ರೆಯಂಥ ಜನ. ಮೋಟಾರ್ ಸೈಕಲ್ಲಿನಿಂದ ಬಿದ್ದವನೊಬ್ಬ ರಕ್ತ ಸುರಿಸುತ್ತ ಕೂಗುತ್ತಿದ್ದ. ಸಿಸ್ಟರ್ ಬಂದು ಅತ್ತಿಗೆಗೆ ಏನಾಗಿದೆ ಎಂದು ಕೇಳಿದಳು. ಅಪ್ಪನೇ ಹೇಳಿದ, "ಹೊಟ್ಟಿ ನೋಯ್ತದಂತ್ರಿ. ಒಮ್ಮಿ ವಾಂತಿ ಆಗ್ಯಾದ. ಮತ್ತೇನಿಲ್ಲ." ಸಿಸ್ಟರ್ ನಾಡಿ ಹಿಡಿದು ನೋಡಿ, ಕೂತಿರಲು ಹೇಳಿ ಆ ಮನುಷ್ಯನ ಕಡೆ ಓಡಿದಳು.

ಅಪ್ಪ ನನಗೆ, "ಸುರಪುರಕ್ಕ ಫೋನ್ ಹಚ್ಚು, ಅಣ್ಣಗ ಬಾ ಅನ್ನು" ಎಂದ. ನಾನು ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಮೋಟಾರು ರಿಪೇರಿಯ ಅಂಗಡಿಗೆ ಫೋನು ಹತ್ತಲೇ ಒಲ್ಲದು. ಹತ್ತಿದ ಮೇಲೆ ಅಂಗಡಿಯವನು ಅಣ್ಣನನ್ನು ಹುಡುಕಿ ಕರೆತರಲು ಹೋದ. ಅಲ್ಲಿ ಕಾಯುತ್ತ ನಿಂತೆ. ಇತ್ತ ಬೆಂಚಿನ ಮೇಲೆ ಮಾವ, ಸೊಸೆ ಇಬ್ಬರೇ. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ.

ನಾನು ತಿರುಗಿ ಬಂದಾಗ ಅತ್ತಿಗೆ ತಲೆ ಪೂರ್ತಿ ಬಗ್ಗಿಸಿ ಕೂತಿದ್ದಳು. ಗದ್ದ ಎದೆಗೆ ತಾಗಿತ್ತು, ಸೆರಗು ಮುಖದ ಮುಂದೆ ಇಳಿದಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅಪ್ಪನಿಗೆ ಹೇಳುತ್ತಿದ್ದಳು, "ಎಂಥಾ ಸೊಸಿ ತಂದೀರಪ್ಪ! ಇಷ್ಟು ನೋವಾದರೂ ಒಂದು ಹ್ಞೂಂ ಇಲ್ಲ, ಹ್ಞಾಂ ಇಲ್ಲ. ಮಾವಂದ್ರ ಮುಂದ ತಲಿ ಎತ್ತವಲ್ಲಳು. ಈಗಿನವ್ರಾಗ ಇಂಥಾ ಮರ್ಯಾದಿ ಎಲ್ಲೈತಿ?" ಅಪ್ಪನ ಮುಖದಲ್ಲಿ, ಆ ಆತಂಕದ ನಡುವೆಯೂ, ಸಣ್ಣ ಹೆಮ್ಮೆ ಇತ್ತು.

ಆಗಲೇ ಡಾಕ್ಟರು ಬಂದರು. "ಏನವ್ವ, ಎಲ್ಲಿ ನೋಯ್ತದ?" ಎಂದರು. ಅಪ್ಪ ಉತ್ತರ ಕೊಡಲು ಬಾಯಿ ತೆರೆದ. ಡಾಕ್ಟರು ಅವನನ್ನು ಸುಮ್ಮನಿರಿಸಿ ಅತ್ತಿಗೆಯ ಗದ್ದ ಹಿಡಿದು ಎತ್ತಿದರು. ಕೈ ಬಿಟ್ಟ ಕೂಡಲೇ ತಲೆ ಮತ್ತೆ ಜೋತುಬಿತ್ತು. ಅವರು ಸೆರಗು ಹಿಂದೆ ಸರಿಸಿದರು. ಅವಳ ರೆಪ್ಪೆಗಳು ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದವು.

"ಈಕಿ ಕಣ್ಣು ಮೊದಲಿಂದಾನೂ ಹಿಂಗ ಅದಾವೇನ್ರಿ?" ಎಂದು ಅವರು ಅಪ್ಪನನ್ನು ಕೇಳಿದರು.

ಮದುವೆಯಾಗಿ ಬಂದು ಎರಡು ಮಕ್ಕಳಾದ ಮೇಲೂ ಒಂದೇ ಸೂರಿನ ಕೆಳಗಿದ್ದ ಸೊಸೆ. ಅಪ್ಪ ಸುತ್ತ ನೋಡಿದ, ನನ್ನನ್ನು ನೋಡಿದ.

"ನಾ ನೋಡಿಲ್ರಿ," ಎಂದ.

"ಇಲ್ರಿ, ಇಲ್ರಿ, ಆಕೀವು ದೊಡ್ಡ ಕಣ್ಣು," ಎಂದು ನಾನು ಕೂಗಿದೆ. ಅಷ್ಟರಲ್ಲಿ ಅವಳನ್ನು ಎತ್ತಿ ಮಂಚಕ್ಕೆ ಹಾಕಿದ್ದರು. ಡಾಕ್ಟರು ಬಾಗಿ, "ಏನಾದ್ರೂ ಕಡೀತೇನವ್ವ? ಹೌದಂದ್ರ ಬೆರಳೆತ್ತು," ಎಂದರು. ಅವಳು ಬೆರಳೆತ್ತಿದಳು. ಬಳೆ ಸರಿಸಿ ನೋಡಿದರೆ ಮಣಿಕಟ್ಟಿನ ಹತ್ತಿರ ಎರಡು ಚುಕ್ಕಿ. ಬಾವು ಇಲ್ಲ, ಕೆಂಪಾಗಿಲ್ಲ. "ಒಂದು ಜಾತಿ ಹಾವು ಕಡದ್ರ ಹಿಂಗೇ. ಮೊದಲ ಹೊಟ್ಟಿ ನೋಯ್ತದ, ಆಮ್ಯಾಲ ಕಣ್ಣು ಮುಚ್ಚತಾವ, ಕುತ್ತಿಗಿ ನಿಲ್ಲಂಗಿಲ್ಲ, ಕಡೀಗಿ ಉಸರು," ಎನ್ನುತ್ತಲೇ ಇಂಜೆಕ್ಷನ್ನಿಗೆ ಕೂಗಿದರು. ನಸುಕಿನಲ್ಲಿ ಹುಲ್ಲು ಹಿರಿಯುವಾಗ ಕಡ್ಡಿ ಚುಚ್ಚಿತೆಂದು ಅವಳು ಮೊದಲು ಸುಮ್ಮನಾಗಿದ್ದಳಂತೆ, ಅದು ನಮಗೆ ಆಮೇಲೆ ತಿಳಿಯಿತು.

ಔಷಧಿ ಏರುತ್ತಿದ್ದಂತೆಯೇ ಉಸಿರು ಸೋಲತೊಡಗಿತು. ಗಂಟಲಿಗೆ ನಳಿಗೆ ಇಳಿಸಿ, ಅದಕ್ಕೆ ಒತ್ತಿ ಉಸಿರು ತುಂಬುವ ರಬ್ಬರಿನ ಚೀಲ ಕಟ್ಟಿ, ಗುಲಬರ್ಗಾಕ್ಕೆ ಒಯ್ಯಿರಿ ಎಂದರು. ಉಸಿರಾಡಿಸುವ ಯಂತ್ರ ಅಲ್ಲಿ ಮಾತ್ರ ಇತ್ತು. ಆಂಬುಲೆನ್ಸಿನಲ್ಲಿ ಒಬ್ಬಳೇ ಸಿಸ್ಟರ್ ಚೀಲ ಒತ್ತುತ್ತ ಕೂತಳು. ಜೇವರ್ಗಿ ಮುಟ್ಟುವ ಮೊದಲೇ ಅವಳ ಕೈ ಸೋತಿತ್ತು. ಕುಲುಕಾಟಕ್ಕೆ ನಾನು ವಾಂತಿ ಮಾಡಿಕೊಳ್ಳುತ್ತಿದ್ದೆ, ನನ್ನಿಂದ ಏನೂ ಉಪಯೋಗವಿರಲಿಲ್ಲ.

"ಯಜಮಾನ್ರ, ನೀವೇ ಒತ್ತಬೇಕ್ರಿ," ಎಂದಳು ಸಿಸ್ಟರ್. "ಮುಖ ನೋಡ್ಕೋತ ಒತ್ರಿ. ತುಟಿ ನೀಲಿ ಆದ್ರ ಹೇಳ್ರಿ."

ಅಪ್ಪ ಒತ್ತಿದ. ಭೀಮಾ ನದಿಯ ಸೇತುವೆ ದಾಟಿ ಗುಲಬರ್ಗಾ ಬರುವವರೆಗೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

ಅತ್ತಿಗೆ ಉಳಿದಳು. ಯಂತ್ರ ತೆಗೆದ ಮರುದಿನ ಡಾಕ್ಟರೊಬ್ಬರು ಬಂದು, ಈಗ ಹೇಗಿದ್ದಾಳೆ ಎಂದು ರೂಢಿಯಂತೆ ಅಪ್ಪನನ್ನೇ ಕೇಳಿದರು.

"ಆಕಿನ್ನ ಕೇಳ್ರಿ," ಎಂದು ಅಪ್ಪ ಎದ್ದು ಹೊರಗೆ ಹೋದ.

ಅವಳು ಆರಾಮ ಎಂದಳು. ಡಾಕ್ಟರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಮೈಯಾಗಿನ ಶಕ್ತಿ ಹೋಗಾಕತ್ತಿದ್ದು ಅಲ್ಲಿ ಬೆಂಚಿನ ಮ್ಯಾಲೆ ನಿನಗ ಗೊತ್ತಾಗಲಿಲ್ಲೇನು, ಅತ್ತಿಗಿ?"

"ಗೊತ್ತಾಗಿತ್ತು," ಎಂದಳು. ನಳಿಗೆ ಉಜ್ಜಿ ಅವಳ ದನಿ ಇನ್ನೂ ಒಡೆದಿತ್ತು. "ಕಣ್ಣು ಮುಚ್ಚಲಿಕ್ಕತ್ತಾವ ಅಂತ ಹೇಳಬೇಕಂತಿದ್ದೆ. ಬಾಗಿಲ ಕಡಿ ನೋಡಿ ನೋಡಿ ನಿನ್ನ ಹಾದಿ ಕಾಯ್ದೆ. ಆವಾಗ ಇನ್ನಾ ಮಾತು ಬರ್ತಿದ್ದವು. ಮಾವ ಬಾಜೂಕ ಕುಂತಿದ್ರಲ್ಲ, ಹೆಂಗ ಮಾತಾಡ್ಲಿ?"